ಫೆಲೋಶಿಪ್ ಹುಡುಕುವ ಮೊದಲು ಲ್ಯಾಬ್ ಹುಡುಕಿ

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್, ತಿಂಗಳು ತಿಂಗಳು ಸಿಗುವ ಸಹಾಯಧನ) ಆದ ಮೇಲೆ ಜೂನಿಯರ್‌ಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಯಾವ ಪುಸ್ತಕ ಓದಿದ್ರಿ?" ಪುಸ್ತಕ ಓದಲೇಬೇಕು. ಆದರೆ ನನ್ನ ಕೈ ಹಿಡಿದದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ರಾಗಿ ತಾಕು.

ಬಿಎಸ್‌ಸಿ ಅಗ್ರಿ ಮೂರನೇ ವರ್ಷದ ಮಳೆಗಾಲ. ಸಸ್ಯರೋಗ ವಿಭಾಗದ ಮೇಷ್ಟ್ರ ಹತ್ತಿರ ಹೋಗಿ, "ಕ್ಲಾಸ್ ಮುಗಿದ ಮೇಲೆ ನಿಮ್ಮ ಲ್ಯಾಬ್‌ಗೆ ಬರಲಾ ಸರ್?" ಎಂದು ಕೇಳಿದೆ. "ದುಡ್ಡೂ ಇಲ್ಲ, ಸರ್ಟಿಫಿಕೇಟೂ ಇಲ್ಲಮ್ಮ" ಎಂದರು. ಪರವಾಗಿಲ್ಲ ಅಂದೆ.

ಕೊಟ್ಟ ಕೆಲಸ ರಾಗಿಯ ಬೆಂಕಿ ರೋಗದ್ದು. ಎಲೆಯ ಮೇಲೆ ನೂಲುವ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದು ಬಣ್ಣ, ಅಂಚಿನಲ್ಲಿ ಕಂದು. ಶಿಲೀಂಧ್ರ ಬೇರ್ಪಡಿಸಲು ಚುಕ್ಕೆಯ ನಡುಭಾಗ ಕತ್ತರಿಸಬಾರದು. ಅಲ್ಲಿ ಎಲೆ ಸತ್ತಿರುತ್ತದೆ, ಬೇರೆ ಬೂಷ್ಟು ಬಂದು ಕೂತಿರುತ್ತದೆ. ರೋಗ ಮತ್ತು ಹಸಿರು ಕೂಡುವ ಅಂಚಿನಿಂದಲೇ ತುಂಡು ತೆಗೆಯಬೇಕು. ಮೇಲಿನ ಸೂಕ್ಷ್ಮಜೀವಿಗಳು ಸಾಯಲಿ ಅಂತ ಹೈಪೋಕ್ಲೋರೈಟ್‌ನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಶಿಲೀಂಧ್ರ ಬೆಳೆಸುವ ಓಟ್‌ಮೀಲ್ ಅಗರ್ ಮೇಲೆ ಇಡಬೇಕು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಮೂರು ಕೋಶದ, ಪೇರಳೆ ಹಣ್ಣಿನ ಆಕಾರದ ಬೀಜಕಣ ಕಂಡಾಗ ಆದ ಖುಷಿ ಇನ್ನೂ ಹಾಗೇ ಇದೆ.

ಬೇಸಿಗೆಯ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಬರೆದದ್ದು ಇದನ್ನೇ. ಇಲ್ಲಿ ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಎರಡು ತಿಂಗಳ ಫೆಲೋಶಿಪ್ ಕೊಡುತ್ತದೆ. "ವಿಜ್ಞಾನದಲ್ಲಿ ನನಗೆ ಅಪಾರ ಆಸಕ್ತಿ" ಅಂತ ಎಲ್ಲರೂ ಬರೆಯುತ್ತಾರೆ. ನೀವು ಏನು ಮಾಡಿದ್ದೀರಿ, ಮುಂದೆ ಏನು ನೋಡಬೇಕು ಅಂತಿದ್ದೀರಿ, ಅದನ್ನು ಬರೆಯಿರಿ.

ಎಂಎಸ್‌ಸಿ ಆದ ಮೇಲೆ ಒಂದು ಪ್ರಾಜೆಕ್ಟ್ ಜೆಆರ್‌ಎಫ್ ಸಂದರ್ಶನ. "ಏನಮ್ಮ, ಇದನ್ನೆಲ್ಲ ನೀನೇ ಮಾಡಿದ್ಯಾ, ಇಲ್ಲ ಯಾರಾದ್ರೂ ಮಾಡಿಕೊಟ್ರಾ?" ಎಂದರು ಒಬ್ಬರು ಹಿರಿಯರು. ಅಂಚಿನಿಂದ ತುಂಡು ತೆಗೆಯುವ ವಿಷಯ ಹೇಳಿದೆ. ಉಳಿದ ಮಾತೆಲ್ಲ ರಾಗಿಯದ್ದೇ ಆಯಿತು.

ಒಂದು ವಿಷಯದಲ್ಲಿ ಹುಷಾರಾಗಿರಿ: ಜೆಆರ್‌ಎಫ್ ಅನ್ನೋ ಹೆಸರು ಒಂದೇ, ಬಗೆ ಹಲವು. ಪ್ರಾಜೆಕ್ಟ್ ಜೆಆರ್‌ಎಫ್ ಪ್ರಾಜೆಕ್ಟ್ ಜೊತೆಗೇ ಮುಗಿಯುತ್ತದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಪಿಜಿ ಪ್ರವೇಶದ ಜೆಆರ್‌ಎಫ್ ಎಂಎಸ್‌ಸಿ ಓದಲು ಸಿಗುವಂಥದ್ದು. ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೆಆರ್‌ಎಫ್ ನಿಮ್ಮದೇ, ಪಿಎಚ್‌ಡಿಗೆ ಜೊತೆಯಲ್ಲೇ ಬರುತ್ತದೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ (ಎಎಸ್‌ಆರ್‌ಬಿ) ನೆಟ್ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಮಾತ್ರ, ದುಡ್ಡು ಬರುವುದಿಲ್ಲ. ನಾನು ಪ್ರಾಜೆಕ್ಟಿನಲ್ಲಿದ್ದುಕೊಂಡೇ ರಾತ್ರಿ ಓದಿ ಸಿಎಸ್‌ಐಆರ್ ಬರೆದೆ.

ಬೆಂಗಳೂರಿನಲ್ಲಿ ಇರುವವರಿಗೆ ಅವಕಾಶ ಜಾಸ್ತಿ. ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಹೆಬ್ಬಾಳದಲ್ಲಿ ಕೃಷಿ ಕೀಟಗಳ ಬ್ಯೂರೋ, ಜಿಕೆವಿಕೆ ಒಳಗೇ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್. ಅವುಗಳ ಜಾಲತಾಣದಲ್ಲಿ ಯಂಗ್ ಪ್ರೊಫೆಷನಲ್ ಎಂಬ ತಾತ್ಕಾಲಿಕ ಹುದ್ದೆ, ತರಬೇತಿಗಳ ಪ್ರಕಟಣೆ ಆಗಾಗ ಬರುತ್ತಿರುತ್ತವೆ. ಶಿಫಾರಸು ಪತ್ರವನ್ನು ಮಾತ್ರ ಕೊನೇ ದಿನ ಕೇಳಬೇಡಿ. ಕೇಳುವಾಗ ನೀವು ಮಾಡಿದ ಕೆಲಸವನ್ನು ಅರ್ಧ ಪುಟದಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡಿ. ಆಗ ಅವರಿಗೂ ಬರೆಯಲು ಏನಾದರೂ ಇರುತ್ತದೆ, ಅಲ್ವಾ?