ದಡದಲ್ಲೇ ಕುಳಿತು ಓರ್ಕಾಗಳ ದಿನಚರಿ ಬರೆಯುವುದು ಹೇಗೆ?

ಓರ್ಕಾಗಳನ್ನು, ಅಂದರೆ 'ಕಿಲ್ಲರ್ ವೇಲ್' ಎಂದು ಕರೆಯುವ ಕಪ್ಪು-ಬಿಳಿ ಕಡಲ ಪ್ರಾಣಿಗಳನ್ನು, ನೋಡಲು ದೋಣಿ ಬೇಕೇ ಬೇಕೆಂದೇನಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಾನ್ ವಾನ್ ದ್ವೀಪದಲ್ಲಿ, ಲೈಮ್ ಕಿಲ್ನ್ ದೀಪಸ್ತಂಭದ ಬಳಿಯ ಬಂಡೆಗಳೇ ಸಾಕು. ಎದುರಿನ ಹೇರೋ ಜಲಸಂಧಿ ದಡದ ಪಕ್ಕದಲ್ಲೇ ಆಳವಾಗಿರುವುದರಿಂದ ಅವು ಕೆಲವೊಮ್ಮೆ ಕಲ್ಲೆಸೆತದ ದೂರದಲ್ಲಿ ಹಾದುಹೋಗುತ್ತವೆ. ಸಿಯಾಟಲ್ ಕಡೆಯ ಕನ್ನಡಿಗರು ಅನಕೋರ್ಟಿಸ್‌ನಲ್ಲಿ ಫೆರ್ರಿ ಹತ್ತಿ ಫ್ರೈಡೇ ಹಾರ್ಬರ್‌ನಲ್ಲಿ ಇಳಿದರಾಯಿತು.

ಮೊದಲು ಕಿವಿಗೆ ಕೆಲಸ ಕೊಡಿ. ಈ ತೀರದ ನೀರಿನಡಿ ಇಳಿಬಿಟ್ಟ ಹೈಡ್ರೋಫೋನ್‌ಗಳು (ನೀರೊಳಗಿನ ಮೈಕುಗಳು) ಹಿಡಿಯುವ ಸದ್ದನ್ನು ಓರ್ಕಾಸೌಂಡ್ ಜಾಲತಾಣದಲ್ಲಿ ನೇರವಾಗಿ ಕೇಳಬಹುದು. ಸಾಲ್ಮನ್ ಮೀನು ತಿನ್ನುವ 'ರೆಸಿಡೆಂಟ್' ಓರ್ಕಾಗಳು ವಾಚಾಳಿಗಳು. ಸೀಲ್‌ಗಳನ್ನು ಬೇಟೆಯಾಡುವ 'ಬಿಗ್ಸ್' ಓರ್ಕಾಗಳು ಬಾಯಿ ಮುಚ್ಚಿಕೊಂಡು ಬರುತ್ತವೆ. ಸದ್ದು ಮಾಡಿದರೆ ಊಟ ತಪ್ಪಿತು.

ಬಳಿಕ ಕಣ್ಣು. ದುರ್ಬೀನನ್ನು ಪಕ್ಕಕ್ಕಿಟ್ಟು, ನೀರಿನ ಮೇಲೆ ಬಿಳಿ ಉಸಿರು ಚಿಮ್ಮುವುದನ್ನು ಬರಿಗಣ್ಣಿನಲ್ಲೇ ಹುಡುಕಿ. ಕಂಡೊಡನೆ ಗಡಿಯಾರ ನೋಡಿ. ಕೆಲವು ಬಾರಿ ಉಸಿರಾಡಿ, ದೀರ್ಘವಾಗಿ ಮುಳುಗುವುದು ಅವುಗಳ ಪದ್ಧತಿ. ಮುಳುಗಿದ ಜಾಗವನ್ನೇ ದಿಟ್ಟಿಸುತ್ತ ಕೂರುವುದು ಹೊಸಬರೆಲ್ಲ ಮಾಡುವ ತಪ್ಪು. ಸಾಗುತ್ತಿದ್ದ ದಿಕ್ಕಿನಲ್ಲಿ ಮುಂದಕ್ಕೆ ನೋಡಿ. ಹೊತ್ತು, ದಿಕ್ಕು, ಸಂಖ್ಯೆ, ಮುಳುಗಿದ್ದ ಅವಧಿ, ಭರತವೋ ಇಳಿತವೋ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಬರೆದರೆ ಐದು ಎಂಟಾಗುತ್ತದೆ.

ಯಾರು ಬಂದರೆಂದು ತಿಳಿಯಲು ಬೆನ್ನಿನ ರೆಕ್ಕೆ ನೋಡಬೇಕು. ಬಲಿತ ಗಂಡಿನದು 1.8 ಮೀಟರ್‌ವರೆಗೂ ನೆಟ್ಟಗೆ ನಿಲ್ಲುತ್ತದೆ. ಹೆಣ್ಣಿನದು ಗಿಡ್ಡ, ಬಾಗಿದ್ದು. ರೆಕ್ಕೆಯ ಕಚ್ಚುಗಳೂ ಅದರ ಹಿಂದಿನ ಬೂದು ಮಚ್ಚೆಯೂ ಒಂದರಂತೆ ಇನ್ನೊಂದಕ್ಕಿಲ್ಲ. ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ 1970ರ ದಶಕದಲ್ಲಿ ಛಾಯಾಚಿತ್ರಗಳಿಂದ ಇವನ್ನು ಒಂದೊಂದಾಗಿ ಗುರುತಿಸಿದರು. ಸೀಲ್ ಬೇಟೆಯ 'ಬಿಗ್ಸ್' ಓರ್ಕಾಗಳಿಗೆ ಅವರದೇ ಹೆಸರು. ಇಲ್ಲಿನ ದಕ್ಷಿಣದ ರೆಸಿಡೆಂಟ್‌ಗಳು ಜೆ, ಕೆ, ಎಲ್ ಎಂಬ ಮೂರು ಬಳಗಗಳು. ಎಲ್ಲ ಸೇರಿ ಎಂಬತ್ತಕ್ಕೂ ಕಡಿಮೆ.

ದೋಣಿಯ ಆಸೆ ಇನ್ನೂ ಉಳಿದಿದ್ದರೆ ಒಂದು ಮಾತು: 2025ರಿಂದ ವಾಷಿಂಗ್ಟನ್‌ನಲ್ಲಿ ಈ ಮೂರು ಬಳಗಗಳಿಂದ ಸಾವಿರ ಗಜ ದೂರವಿರಬೇಕು. ಎಂಜಿನ್ನಿನ ಗದ್ದಲದಲ್ಲಿ ಅವು ಪ್ರತಿಧ್ವನಿಯಿಂದ ಮೀನು ಹುಡುಕಲು ತಿಣುಕುತ್ತವೆ. ಬಂಡೆಯ ಮೇಲೆ ಕುಳಿತವರಿಗೆ ಈ ತಕರಾರಿಲ್ಲ.

ಏನೂ ಕಾಣದ ದಿನಗಳೂ ಬರುತ್ತವೆ, ಬಹಳವೇ ಬರುತ್ತವೆ. ಚಿನೂಕ್ ಸಾಲ್ಮನ್ ಕಡಿಮೆಯಾದಂತೆ ಬೇಸಿಗೆಯಲ್ಲಿ ರೆಸಿಡೆಂಟ್‌ಗಳು ಇತ್ತ ಬರುವುದೂ ಕಡಿಮೆಯಾಗಿದೆ. ಅದು ಗೊತ್ತಾಗುವುದು ಖಾಲಿ ದಿನಗಳನ್ನೂ ಬರೆದಿಟ್ಟಾಗಲೇ. ಆದ್ದರಿಂದ ಕುಳಿತ ಹೊತ್ತು, ಎದ್ದ ಹೊತ್ತು, ಗಾಳಿ, ಅಲೆ ಎಲ್ಲ ಬರೆದು, ಸಂಖ್ಯೆಯ ಜಾಗದಲ್ಲಿ ಸೊನ್ನೆ ಹಾಕಿ.