ಜನರೇಟರ್ ಎಳೆಯುವ ಪಿಕಪ್‌ಗೆ ಗೇರ್‌ಬಾಕ್ಸ್ ಕಾದರೆ

ಮದುವೆ ಸೀಸನ್ನಿನಲ್ಲಿ ದಾವಣಗೆರೆಯಿಂದ ಹಳ್ಳಿಗಳಿಗೆ ಜನರೇಟರ್ ಟ್ರೇಲರ್ ಎಳೆಯುವವರು ಎಂಜಿನ್ ಬಿಸಿಯ ಮುಳ್ಳನ್ನು ನೋಡುತ್ತಲೇ ಇರುತ್ತಾರೆ. ಗೇರ್‌ಬಾಕ್ಸ್ ನೆನಪಾಗುವುದು ಅದು ಕೈಕೊಟ್ಟ ಮೇಲೆ. ಆಟೊಮ್ಯಾಟಿಕ್ ಪಿಕಪ್ ಆದರೆ ಇದು ದುಬಾರಿ ಮರೆವು. ಮ್ಯಾನುಯಲ್ ಗಾಡಿಯವರ ಗೋಳು ಬೇರೆ, ಅಲ್ಲಿ ಮೊದಲು ಸುಡುವುದು ಕ್ಲಚ್.

ವೇಗ ಹೆಚ್ಚಿದರೆ ಬಿಸಿ ಜಾಸ್ತಿ ಅಂತ ನಾನೂ ನಂಬಿದ್ದೆ. ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದಿಂದ 48ನೇ ಹೆದ್ದಾರಿಯಲ್ಲಿ ಬಂದೆ. ದಾರಿಯುದ್ದಕ್ಕೂ ಗೇರ್‌ಬಾಕ್ಸ್ ಎಣ್ಣೆ 90 ಡಿಗ್ರಿ ಆಸುಪಾಸಿನಲ್ಲೇ ಇತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ತೆವಳಿ, ಕಲ್ಯಾಣ ಮಂಟಪದ ಅಂಗಳಕ್ಕೆ ಟ್ರೇಲರನ್ನು ರಿವರ್ಸ್ ಹಾಕುವಷ್ಟರಲ್ಲಿ 116!

ಕಾರಣ ಎಂಜಿನ್ ಮತ್ತು ಗೇರ್‌ಗಳ ನಡುವೆ ಕೂರುವ ಟಾರ್ಕ್ ಕನ್ವರ್ಟರ್. ಅದರೊಳಗೆ ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ತಳ್ಳುತ್ತವೆ, ಆ ಎಣ್ಣೆ ಗೇರ್ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಭಾರ ಎಳೆಯುತ್ತಾ ತೆವಳುವಾಗ ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುತ್ತದೆ. ನಡುವಿನ ಎಣ್ಣೆ ಮಜ್ಜಿಗೆ ಕಡೆದ ಹಾಗೆ ಕಡೆದು ಕಾಯುತ್ತದೆ. ಒಂದೇ ವೇಗದಲ್ಲಿ ಓಡುವಾಗ ಲಾಕಪ್ ಕ್ಲಚ್ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ, ಕಡೆತ ನಿಲ್ಲುತ್ತದೆ.

ಹಾಗಾಗಿ ಮೊದಲು ಗೇರ್‌ಬಾಕ್ಸ್ ಎಣ್ಣೆಯ ಬಿಸಿ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ. ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಬಹುದು, ಬಹಳಷ್ಟು ಗಾಡಿಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 80ರಿಂದ 95 ಆರಾಮ. 110 ದಾಟಿದರೆ ಕಾಲು ಹಗುರ ಮಾಡಿ. 120 ಆದರೆ ನಿಲ್ಲಿಸಿ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ.

ಏರು ಬಂದಾಗ ಭಾರ ಎಳೆಯಲೆಂದೇ ಇರುವ ಟೋ ಮೋಡ್ ಒತ್ತಿ, ಇಲ್ಲವೇ ಕೈಯಿಂದ ಒಂದು ಗೇರ್ ಕೆಳಗಿಳಿಸಿ. ಆರ್‌ಪಿಎಂ ಏರಿತು ಅಂತ ಗಾಬರಿ ಬೇಡ. ಮೇಲಿನ ಗೇರಿನಲ್ಲಿ ಒದ್ದಾಡುತ್ತಾ ಗೇರ್ ಮೇಲೆ ಕೆಳಗೆ ಆಗುತ್ತಿರುವುದೇ ಹೆಚ್ಚು ಕೆಟ್ಟದ್ದು.

ಇನ್ನು ನಿಲ್ಲಿಸುವ ವಿಷಯ. ಆ ದಿನ 116 ನೋಡಿ ನಾನು ಸೀದಾ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದೆ. ದಡ್ಡತನ. ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುತ್ತದೆ, ಬಿಸಿ ಎಣ್ಣೆ ಒಳಗೇ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್‌ಗೆ ತಂದು ಎಂಜಿನ್ ಓಡಲು ಬಿಡಿ. ಎಣ್ಣೆ ತನ್ನನ್ನು ತಂಪು ಮಾಡುವ ಕೂಲರ್ ಮೂಲಕ ಸುತ್ತುತ್ತದೆ, ಬಿಸಿ ಇಳಿಯುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯಿರಿ. ಆದರೆ ಎಂಜಿನ್ ಮುಳ್ಳೂ ಏರುತ್ತಿದ್ದರೆ ಇದು ಬೇಡ, ಆಫ್ ಮಾಡಿ.

ಕೂಲರ್ ಅಂದೆ ಅಲ್ವಾ, ನಮ್ಮ ಕಡೆ ಅದರ ಶತ್ರು ಮೆಕ್ಕೆಜೋಳದ ಹೊಟ್ಟು. ಒಕ್ಕಣೆ ಕಾಲದಲ್ಲಿ ರಸ್ತೆಯಲ್ಲಿ ಹಾರುವ ಹೊಟ್ಟು, ಧೂಳು ರೇಡಿಯೇಟರ್, ಕೂಲರ್ ಮುಂದೆ ಪದರ ಕಟ್ಟುತ್ತದೆ. ಮೆತ್ತನೆ ಬ್ರಷ್, ಸಣ್ಣಗೆ ಬಿಟ್ಟ ನೀರು ಸಾಕು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ವಾರಕ್ಕೆರಡು ಸಲ ಎಳೆಯುವವರು ಹೆಚ್ಚುವರಿ ಕೂಲರ್ ಹಾಕಿಸಿದರೆ ಹಣ ವ್ಯರ್ಥವಲ್ಲ, ಆದರೆ ವಾರಂಟಿ ವಿಚಾರಿಸಿಕೊಳ್ಳಿ.

ಎಣ್ಣೆಯನ್ನು ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಕೊಟ್ಟ ಲೆಕ್ಕದಲ್ಲೇ ಬದಲಿಸಿ. ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕಪ್ಪಗಾಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆಯುತ್ತಿವೆ. ರೋಸ್‌ಮಿಲ್ಕ್ ಹಾಗೆ ಕಂಡರೆ ರೇಡಿಯೇಟರ್ ನೀರು ಸೇರಿದೆ, ಆಗ ಒಂದು ಕಿಲೋಮೀಟರೂ ಓಡಿಸಬೇಡಿ.