ನಾಯಿಯನ್ನು ನೋಡಬೇಡಿ, ಕೈಯನ್ನು ನೋಡಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಒಂದು ನಾಯಿ ಸಾಕಿದ್ದಾಳೆ. ಬಸವನಗುಡಿಯ ಬೀದಿಯಲ್ಲೇ ಸಿಕ್ಕ ಮರಿ. ಹುರಿದ ರಾಗಿಯ ಬಣ್ಣ, ಹಾಗಾಗಿ ಹೆಸರೂ ರಾಗಿ. ತಾರಸಿಯಲ್ಲಿ ಪಿವಿಸಿ ಪೈಪು ಅಡ್ಡ ಇಟ್ಟು ಅವಳು ಅದನ್ನು ಹಾರಿಸುವುದನ್ನು, ಬಟ್ಟೆ ಒಣಹಾಕಲು ಹೋದಾಗೆಲ್ಲ ಎರಡು ವರ್ಷದಿಂದ ನೋಡುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬಾಗಿಲು ತಟ್ಟಿದಳು. "ಅಂಕಲ್, ಶನಿವಾರ ಭಾನುವಾರ ಕನಕಪುರ ರಸ್ತೆ ಕಡೆ ಅಜಿಲಿಟಿ ಸ್ಪರ್ಧೆ ಇದೆ. ಕೆಲಸಕ್ಕೆ ಜನ ಸಾಲ್ತಿಲ್ಲ. ನೀವು ಬರ್ತೀರಾ? ನಿಮ್ಮ ಅಕ್ಷರ ಚೆನ್ನಾಗಿದೆ."

ಬ್ಯಾಂಕಿನಲ್ಲಿ 30 ವರ್ಷ ಲೆಕ್ಕ ಬರೆದು ನಿವೃತ್ತನಾದವನಿಗೆ ಅಕ್ಷರದ ಮಾತು ಹೇಳಿದರೆ ಇಲ್ಲ ಅನ್ನಲು ಆಗುತ್ತದೆಯೇ? ಒಪ್ಪಿಕೊಂಡೆ.

ಅಜಿಲಿಟಿ ಎಂದರೆ ನಾಯಿಗಳ ಅಡೆತಡೆ ಓಟ. ಬಾರ್ ಎಂಬ ಅಡ್ಡಕೋಲು ಹಾರುವ ಜಂಪ್, ಸುರಂಗದಂಥ ಟನೆಲ್, ಏರಿಳಿಯುವ ಹಲಗೆಯ ಸೀಸಾ, ಡೇರೆಯ ಹಾಗೆ ಎರಡು ಹಲಗೆ ಒಂದಕ್ಕೊಂದು ಆನಿಸಿದ ಎ-ಫ್ರೇಮ್, ಎತ್ತರದ ಕಿರುಸೇತುವೆಯಂಥ ಡಾಗ್ ವಾಕ್, ನಡುನಡುವೆ ನುಸುಳಲು ಸಾಲಾಗಿ ನೆಟ್ಟ 12 ಕಂಬ, ಅಂದರೆ ವೀವ್ ಪೋಲ್. ಎಲ್ಲಕ್ಕೂ ನಂಬರ್ ಹಚ್ಚಿರುತ್ತಾರೆ, ಆ ಕ್ರಮ ತಪ್ಪುವ ಹಾಗಿಲ್ಲ. ನಾಯಿಯ ಜೊತೆ ಅದಕ್ಕೆ ದಾರಿ ತೋರಿಸುವ ಹ್ಯಾಂಡ್ಲರ್ ಓಡುತ್ತಾರೆ. ಕೈಸನ್ನೆ ಮಾಡಬಹುದು, ಕೂಗಬಹುದು, ಆದರೆ ನಾಯಿಯನ್ನು ಮುಟ್ಟುವಂತಿಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಎರಡು ಕಾರ್ಯಕ್ರಮಗಳ ನಡುವೆ ಕೂತ ಜನಕ್ಕೆ ಬೇಸರವಾಗದಿರಲೆಂದು ಕುದುರೆ ಜಿಗಿತದ ಸ್ಪರ್ಧೆಯನ್ನೇ ನಾಯಿಗಳಿಗೆ ಒಗ್ಗಿಸಿ ಆಡಿಸಿದರು. ಅಲ್ಲಿಂದ ಶುರುವಾದದ್ದು ಇದು.

ಶನಿವಾರ ಬೆಳಗ್ಗೆ ಐದೂವರೆಗೆ ಸ್ಕೂಟರ್ ತೆಗೆದೆ. ಸ್ವೆಟರ್, ಮಫ್ಲರ್ ಎಲ್ಲ ಇದ್ದರೂ ಕೋಣನಕುಂಟೆ ದಾಟುವ ಹೊತ್ತಿಗೆ ಬೆರಳು ಮರಗಟ್ಟಿತ್ತು. ಮೈದಾನದಲ್ಲಿ ಆಗಲೇ ಏಳೆಂಟು ಜನ ಸಾಮಾನು ಇಳಿಸುತ್ತಿದ್ದರು. ನನಗೆ ಮೊದಲು ಸಿಕ್ಕಿದ ಕೆಲಸ ಒಂದು ಹಳೇ ಟವೆಲ್. ಡಾಗ್ ವಾಕ್‌ನ ಹಲಗೆಯ ಮೇಲೆಲ್ಲ ಇಬ್ಬನಿ ಕೂತಿತ್ತು. ಜಾರದಿರಲೆಂದು ಹಲಗೆಗೆ ರಬ್ಬರ್ ಹರಳು ಅಂಟಿಸಿರುತ್ತಾರೆ, ಆದರೂ ಒದ್ದೆ ಹಲಗೆ ಒದ್ದೆ ಹಲಗೆಯೇ. ಸೇತುವೆಯ ನಡುಭಾಗ ನನ್ನ ಸೊಂಟಕ್ಕಿಂತ ಎತ್ತರ. ಒಂದಡಿಯಷ್ಟೇ ಅಗಲದ ಹಾದಿಯಲ್ಲಿ ಪೂರ್ತಿ ವೇಗದಲ್ಲಿ ಬರುವ ನಾಯಿ ಅಲ್ಲಿ ಜಾರಿದರೆ ಕಾಲು ಮುರಿಯುತ್ತದೆ. ಒರೆಸಿದೆ, ಹಿಂಡಿದೆ, ಮತ್ತೆ ಒರೆಸಿದೆ. ಬಿಸಿಲೇರುವ ತನಕ ಆ ಟವೆಲ್ ನನ್ನ ಹೆಗಲ ಮೇಲೇ ಇತ್ತು.

ಆಮೇಲೆ ಸೀಸಾ. ಅದನ್ನು ಪರೀಕ್ಷಿಸುವ ರೀತಿ ನೋಡಿ ನನಗೆ ಬಹಳ ಹಿಡಿಸಿತು. ಮೇಲೆದ್ದ ತುದಿಯ ಹತ್ತಿರ 1 ಕೆಜಿ ತೂಕ ಇಟ್ಟರೆ ಹಲಗೆ ತಾನಾಗಿ ಇಳಿದು ನೆಲ ಮುಟ್ಟಬೇಕು. ಇಲ್ಲದಿದ್ದರೆ ಮೂರು ನಾಲ್ಕು ಕೆಜಿಯ ಪುಟ್ಟ ನಾಯಿ ತುದಿಗೆ ಬಂದು ಗಾಳಿಯಲ್ಲಿ ನಿಂತುಬಿಡುತ್ತದೆ, ಹೆದರುತ್ತದೆ, ಮುಂದೆ ಎಂದೂ ಹತ್ತುವುದಿಲ್ಲ. ತೂಕದ ಕಲ್ಲು ತರಲು ಯಾರೋ ಮರೆತಿದ್ದರು. ಅಡುಗೆಯವರ ಹತ್ತಿರ ಹೋಗಿ 1 ಕೆಜಿ ಉಪ್ಪಿನ ಪ್ಯಾಕೆಟ್ ಇಸಕೊಂಡು ಬಂದೆವು. ಇಟ್ಟೆವು. ಹಲಗೆ ಅಲುಗಲಿಲ್ಲ. ನಡುವಿನ ಕೀಲು ಬಿಗಿಯಾಗಿತ್ತು. ಎಣ್ಣೆ ಬಿಟ್ಟು, ಬೋಲ್ಟ್ ಅರ್ಧ ಸುತ್ತು ಸಡಿಲಿಸಿ ಮತ್ತೆ ಇಟ್ಟಾಗ ಮೆಲ್ಲಗೆ ಬಾಗಿ ನೆಲ ಮುಟ್ಟಿತು. ಅವತ್ತು ಪುಟ್ಟ ನಾಯಿಗಳ ಸುತ್ತಿನಲ್ಲಿ ಒಂದು ಡ್ಯಾಶ್‌ಹೌಂಡ್ ಆ ತುದಿಯಲ್ಲಿ ಅರೆಕ್ಷಣ ನಿಂತು, ಹಲಗೆ ಇಳಿಯುವುದನ್ನು ಕಾದು, ನೆಲ ಸಿಕ್ಕ ಕೂಡಲೇ ಓಡಿತು. ಆ ಇಳಿತದ ಹಿಂದೆ ಉಪ್ಪಿನ ಪ್ಯಾಕೆಟ್ಟಿದೆ ಎಂದು ಬೇಲಿಯಾಚೆ ಕೂತವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಟನೆಲ್‌ಗೆ ಮರಳು ಚೀಲ ಹೇರುವುದೂ ಇಂಥದ್ದೇ ಕೆಲಸ. ಒಳಗೆ ನುಗ್ಗಿದ ದೊಡ್ಡ ನಾಯಿ ತಿರುವಿನಲ್ಲಿ ಗೋಡೆ ಒದ್ದೇ ಹೊರಳುತ್ತದೆ. ಚೀಲ ಕಡಿಮೆಯಾದರೆ ಇಡೀ ಟನೆಲ್ಲೇ ಉರುಳುತ್ತದೆ.

ತೀರ್ಪುಗಾರ್ತಿ ಮೇಡಂ ಅಳತೆ ಚಕ್ರ ಉರುಳಿಸುತ್ತ ನಾಯಿ ಓಡುವ ಹಾದಿಯನ್ನೇ ಹಿಡಿದು ನಡೆದರು. 160 ಮೀಟರ್ ಬಂತು. ಸೆಕೆಂಡಿಗೆ 4 ಮೀಟರ್ ವೇಗವೆಂದು ಹಿಡಿದು 40 ಸೆಕೆಂಡ್ ನಿಗದಿ ಮಾಡಿದರು. ಅದಕ್ಕಿಂತ ತಡವಾದರೆ ತಡವಾದಷ್ಟೂ ತಪ್ಪಿನ ಅಂಕ ಸೇರುತ್ತದೆ. ಆಮೇಲೆ ಹ್ಯಾಂಡ್ಲರ್‌ಗಳು ನಾಯಿಯಿಲ್ಲದೆ ಬರಿಗೈಯಲ್ಲಿ ಒಳಗೆ ಬಂದು ಹಾದಿ ನಡೆದು ನೋಡಿದರು. ಐವತ್ತು ಜನ ಗಾಳಿಗೆ ಕೈಬೀಸುತ್ತ, ತಮ್ಮಷ್ಟಕ್ಕೆ ತಾವೇ ಏನೋ ಹೇಳಿಕೊಳ್ಳುತ್ತ, ಹಿಂದೆ ಮುಂದೆ ತಿರುಗುತ್ತಿದ್ದರು. ಪರೀಕ್ಷೆಗೆ ಮುಂಚಿನ ಐದು ನಿಮಿಷದಲ್ಲಿ ಕಾರಿಡಾರಿನಲ್ಲಿ ಮಕ್ಕಳು ಇರುತ್ತಾರಲ್ಲ, ಹಾಗೆ.

ಶನಿವಾರ ಮಧ್ಯಾಹ್ನದವರೆಗೆ ನಾನು ಬಾರ್ ಇಡುವವನು. ನಾಯಿಯ ಭುಜದ ಎತ್ತರದ ಮೇಲೆ ಗುಂಪು ಮಾಡಿರುತ್ತಾರೆ. ದೊಡ್ಡವಕ್ಕೆ ಬಾರ್ 60 ಸೆಂ.ಮೀ. ತನಕ, ಪುಟ್ಟವಕ್ಕೆ 30 ಸೆಂ.ಮೀ. ತನಕ. ಗುಂಪು ಬದಲಾದಾಗೆಲ್ಲ ಪ್ರತಿ ಜಂಪಿನ ಬಾರ್ ಇಳಿಸಬೇಕು. ಒಂದು ಜಂಪಿನಲ್ಲಿ ಬಲಗಡೆ ಇಳಿಸಿ ಎಡಗಡೆ ಮರೆತಿದ್ದೆ. ಬಾರ್ ಓರೆಯಾಗಿತ್ತು. ಮೇಡಂ ಕೊನೆಯ ಸುತ್ತು ಹಾಕುವಾಗ ಕಂಡು ತಾವೇ ಸರಿಮಾಡಿದರು. ಅಂದಿನಿಂದ ನಾನು ಬಾರ್ ಬದಲಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಯೂರಿ, ನಾಯಿಯ ಕಣ್ಣಿನ ಮಟ್ಟದಿಂದ ಒಮ್ಮೆ ನೋಡಿಯೇ ಮುಂದಕ್ಕೆ ಹೋಗುವುದು. ಮಂಡಿ ನೋಯುತ್ತದೆ. ಆದರೂ ಹಾಗೆಯೇ ಮಾಡಬೇಕು.

ಹೊಸದಾಗಿ ಹೋಗುವವರು ತಿಳಿದಿರಬೇಕಾದದ್ದು ಇನ್ನೂ ಇದೆ. ಜೇಬಿನಲ್ಲಿ ಬಿಸ್ಕತ್ತು, ಕಡಲೆಬೀಜ ಏನೂ ಇರಕೂಡದು. ಓಟದ ನಡುವೆ ನಾಯಿ ನಿಮ್ಮ ಕುರ್ಚಿಯ ಬಳಿ ನಿಂತರೆ ಆ ಹ್ಯಾಂಡ್ಲರ್‌ನ ತಿಂಗಳುಗಳ ಅಭ್ಯಾಸ ನಿಮ್ಮಿಂದ ಹಾಳು. ಬಾರ್ ಬಿದ್ದ ಕೂಡಲೇ ಎದ್ದು ಓಡಬಾರದು. ನಾಯಿ ಮತ್ತೆ ಅದೇ ಜಂಪಿಗೆ ಬರುವುದಿದ್ದರೆ ಮಾತ್ರ, ಅದರ ಬೆನ್ನು ನಮ್ಮ ಕಡೆ ಇರುವಾಗ ಹೋಗಿ ಇಟ್ಟು ಬರಬೇಕು. ಉಳಿದ ಹೊತ್ತೆಲ್ಲ ಕಂಬದ ಹಾಗೆ ಕೂತಿರಬೇಕು. ಚಪ್ಪಾಳೆ ಓಟ ಮುಗಿದ ಮೇಲೆ.

ಲೀಶ್, ಅಂದರೆ ನಾಯಿಯನ್ನು ಹಿಡಿಯುವ ಹಗ್ಗ, ಸಾಗಿಸುವ ಕೆಲಸ ಎಲ್ಲಕ್ಕಿಂತ ಹಗುರವೆಂದು ಕಾಲೇಜು ಹುಡುಗನೊಬ್ಬನಿಗೆ ಕೊಟ್ಟಿದ್ದರು. ಹೊರಡುವಲ್ಲಿ ಹ್ಯಾಂಡ್ಲರ್ ಬಿಚ್ಚಿಟ್ಟ ಲೀಶನ್ನು ಎತ್ತಿಕೊಂಡು ಹೋಗಿ ಮುಗಿಯುವಲ್ಲಿ ಇಡಬೇಕು, ಅಷ್ಟೇ. ಹುಡುಗ ಚುರುಕು, ಓಡುತ್ತಿದ್ದ. ಹತ್ತನೆಯ ಸುತ್ತಿಗೋ ಏನೋ ಒಂದು ಮುಧೋಳ ಬಂತು. ಬಾಗಲಕೋಟೆ ಸೀಮೆಯ ನಮ್ಮದೇ ತಳಿ, ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡಿದ ಜಾತಿ. ಅಲುಗುವ ವಸ್ತು ಕಂಡರೆ ಅದರ ಕಾಲು ನಿಲ್ಲುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚಿತ್ರವಿರುವ ಅಂಚೆಚೀಟಿ ತಂದಾಗ ನಾನು ಒಂದು ಹಾಳೆ ಕೊಂಡಿಟ್ಟಿದ್ದೆ. ಆ ನಾಯಿ ನಿಜವಾಗಿ ಓಡುವುದನ್ನು ಕಂಡದ್ದು ಅಂದೇ. ಮೂರು ಜಂಪ್ ಬಾಣದ ಹಾಗೆ ಹೋಯಿತು. ನಾಲ್ಕನೆಯದರ ಬಳಿ, ಬೇಲಿಯ ಪಕ್ಕ ಓಡುತ್ತಿದ್ದ ಹುಡುಗನ ಕೈಯಲ್ಲಿ ಲೀಶ್ ತೂಗಾಡುವುದು ಕಂಡಿತು. ಅಷ್ಟೇ ಸಾಕಾಯಿತು, ಅವನ ಹಿಂದೆ ಹೊರಟಿತು. ಯಾರಿಗೂ ಏಟಾಗಲಿಲ್ಲ, ಆದರೆ ಆ ಓಟ ಮುಗಿಯಿತು. ಹುಡುಗನ ಮುಖ ಇಳಿದುಹೋಯಿತು. ಹ್ಯಾಂಡ್ಲರ್ ಅವನ ಭುಜ ತಟ್ಟಿ, "ಪರವಾಗಿಲ್ಲಪ್ಪ, ಮುಂದಿನ ಸಲ ನಡ್ಕೊಂಡು ಹೋಗು. ಲೀಶ್ ಮುದುಡಿ ಕೈಯೊಳಗಿಟ್ಕೋ" ಅಂದರು. ಆ ದೊಡ್ಡತನ ನಾನು ಮರೆಯುವುದಿಲ್ಲ.

ಊಟದ ನಂತರ ನನ್ನನ್ನು ಚೀಟಿ ಬರೆಯಲು ಕೂರಿಸಿದರು. ಅಕ್ಷರಕ್ಕೆ ಬೆಲೆ ಬಂದದ್ದು ಇಲ್ಲಿ. ಓಡುವ ಪ್ರತಿ ನಾಯಿಗೂ ಒಂದು ಚೀಟಿ. ತೀರ್ಪುಗಾರರು ಬಾಯಲ್ಲಿ ಏನೂ ಹೇಳುವುದಿಲ್ಲ, ಎಲ್ಲ ಕೈಯಲ್ಲೇ. ಬಿಚ್ಚಿದ ಅಂಗೈ ಮೇಲೆತ್ತಿದರೆ ತಪ್ಪು: ಬಾರ್ ಬಿತ್ತು, ಇಲ್ಲವೇ ಹಲಗೆಯ ಕೆಳತುದಿಯ ಹಳದಿ ಭಾಗಕ್ಕೆ ಒಂದು ಕಾಲೂ ತಾಗಲಿಲ್ಲ. ಮುಷ್ಟಿ ಎತ್ತಿದರೆ ನಿರಾಕರಣೆ: ಜಂಪಿನ ಮುಂದೆ ನಾಯಿ ನಿಂತಿತು ಅಥವಾ ಪಕ್ಕದಿಂದ ಹಾದುಹೋಯಿತು. ಒಂದೊಂದಕ್ಕೂ 5 ತಪ್ಪಿನ ಅಂಕ. ಮೂರು ಮುಷ್ಟಿಯಾದರೆ, ಅಥವಾ ನಂಬರ್ ಕ್ರಮ ತಪ್ಪಿದರೆ, ಸ್ಪರ್ಧೆಯಿಂದ ಹೊರಗೆ. ಅದಕ್ಕೆ ಎರಡು ತೋಳು ಅಡ್ಡ ಹಾಕಿ ತೋರಿಸುತ್ತಾರೆ.

ಕೂರುವ ಮುಂಚೆ ಮೇಡಂ ಒಂದೇ ಮಾತು ಹೇಳಿದರು. "ಸಾರ್, ನಾಯಿ ನೋಡೋದು ನನ್ನ ಕೆಲಸ. ನೀವು ನನ್ನ ಕೈ ನೋಡಿ. ನಾಯಿ ಎಷ್ಟೇ ಚೆಂದ ಓಡ್ಲಿ, ನೋಡ್ಬೇಡಿ."

ಹೇಳಿದಷ್ಟು ಸುಲಭವಲ್ಲ ಅದು. ಹತ್ತು ಅಡಿ ದೂರದಲ್ಲಿ ಬಾರ್ಡರ್ ಕೋಲಿಯೊಂದು 60 ಸೆಂ.ಮೀ. ಅಂತರದ ಹನ್ನೆರಡು ಕಂಬಗಳ ನಡುವೆ ಹಾವಿನ ಹಾಗೆ ನುಸುಳುವ ಸದ್ದು ಕಿವಿಗೆ ಬೀಳುತ್ತದೆ, ಕಂಬಗಳು ಪಟಪಟ ಬಡಿಯುತ್ತವೆ, ಜನ ಉಸಿರು ಹಿಡಿಯುತ್ತಾರೆ. ನಾನು ಕೆಂಪು ಟೋಪಿ ಹಾಕಿದ ಒಬ್ಬ ಹೆಂಗಸಿನ ಬಲಗೈಯನ್ನು ನೋಡುತ್ತ ಕೂತಿರಬೇಕು. ಕಣ್ಣು ಕೈಯ ಮೇಲೆ, ಪೆನ್ನು ಕಾಗದದ ಮೇಲೆ, ನೋಡದೆಯೇ ಗೀಟು ಹಾಕಬೇಕು. ಇಪ್ಪತ್ತು ಇಪ್ಪತ್ತೈದು ನಾಯಿಗಳಿಗೆ ಸರಿಯಾಗಿ ಬರೆದೆ.

ಆಮೇಲೆ ರಾಗಿ ಬಂತು.

ನಮ್ಮ ತಾರಸಿಯ ರಾಗಿ. ಮೂರು ತಿಂಗಳ ಮರಿಯಾಗಿದ್ದಾಗ ನಮ್ಮ ಮೆಟ್ಟಿಲ ಕೆಳಗೆ ಮಲಗುತ್ತಿದ್ದ ರಾಗಿ. ಅದರ ಹೆಸರು ಮೈಕಿನಲ್ಲಿ ಕೇಳಿದಾಗಲೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೊದಲ ಹತ್ತು ಅಡೆತಡೆ ಕೈಯನ್ನೇ ನೋಡಿದೆ, ಕೈ ಏಳಲಿಲ್ಲ. ಡಾಗ್ ವಾಕ್ ಹತ್ತುವ ಉಗುರಿನ ಸದ್ದು ಕೇಳಿತು. ತಿರುಗಿಬಿಟ್ಟೆ. ನಾನೇ ಬೆಳಗ್ಗೆ ಒರೆಸಿದ ಹಲಗೆಯ ಮೇಲೆ ಅದು ಕಿವಿ ಹಿಂದಕ್ಕೆ ಮಡಚಿ, ಮೈಯೆಲ್ಲ ಚಾಚಿ ಬರುತ್ತಿತ್ತು. ಎಷ್ಟು ಚೆಂದ ಕಂಡಿತೆಂದರೆ ನಾನು ಯಾಕೆ ಅಲ್ಲಿ ಕೂತಿದ್ದೇನೆ ಎಂಬುದೇ ಮರೆಯಿತು. ಮತ್ತೆ ಮೇಡಂ ಕಡೆ ಕಣ್ಣು ಹೊರಳಿಸಿದಾಗ ಅವರ ಕೈ ಕೆಳಗಿಳಿಯುತ್ತಿತ್ತು.

ಎತ್ತಿದ್ದರು. ಆದರೆ ಅಂಗೈಯೋ ಮುಷ್ಟಿಯೋ? ಒಂದು ಸಲವೋ ಎರಡೋ? ಅಥವಾ ಟೋಪಿ ಸರಿಮಾಡಿಕೊಂಡರೋ?

ರಾಗಿ ಕೊನೆಯ ಜಂಪ್ ದಾಟಿತು. ಚಪ್ಪಾಳೆ ಬಿತ್ತು. ಟೈಮರ್ ಹಿಡಿದ ಪಕ್ಕದವರು 36 ಸೆಕೆಂಡ್ ಚಿಲ್ಲರೆ ಎಂದರು. ನನ್ನ ಕೈಯಲ್ಲಿದ್ದ ಚೀಟಿ ಖಾಲಿ, ಒಂದು ತಪ್ಪೂ ಇಲ್ಲ. ಹಾಗೇ ಕೊಟ್ಟಿದ್ದರೆ ಅದು ಮೊದಲ ಮೂರರಲ್ಲಿ ಬರುತ್ತಿತ್ತು. ಆಚೆ ಹುಡುಗಿ ನಾಯಿಯನ್ನು ತಬ್ಬಿಕೊಂಡಿದ್ದಳು. ಒಂದು ಕ್ಷಣವೂ ತಡ ಮಾಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಕ್ಷಣ ಸುಮ್ಮನೆ ಕೂತಿದ್ದೆ. ಆಮೇಲೆ ಗೇಟಿನವರಿಗೆ ಕೈತೋರಿಸಿ ಮುಂದಿನ ನಾಯಿಯನ್ನು ನಿಲ್ಲಿಸಿ, ಮೈದಾನದ ನಡುವೆ ನಡೆದುಹೋಗಿ, "ಮೇಡಂ, ತಪ್ಪಾಯ್ತು, ನಿಮ್ಮ ಕೈ ನೋಡಲಿಲ್ಲ. ನಾಯಿ ನೋಡಿಬಿಟ್ಟೆ" ಅಂದೆ.

ಅವರು ಗದರಲಿಲ್ಲ. "ಡಾಗ್ ವಾಕ್, ಇಳಿಯೋ ತುದಿ. ಹಳದಿ ಮುಟ್ಟಲಿಲ್ಲ. ಒಂದು ಅಂಗೈ" ಎಂದರು. ಬರೆದೆ. ಐದು ಅಂಕ.

ಆ ಹಳದಿ ಭಾಗ ಸುಮ್ಮನೆ ಬಳಿದ ಬಣ್ಣವಲ್ಲ. ಹಲಗೆಯ ಕೊನೆಯ 90 ಸೆಂ.ಮೀ. ಅದು. ಅಲ್ಲಿಗೆ ಕಾಲು ಇಡಲೇಬೇಕೆಂಬ ನಿಯಮ ಇಲ್ಲದಿದ್ದರೆ ನಾಯಿಗಳು ವೇಗ ಉಳಿಸಲು ಮೇಲಿನಿಂದಲೇ ಧುಮುಕುತ್ತವೆ, ಮುಂಗಾಲಿನ ಕೀಲಿಗೆ ಪೆಟ್ಟಾಗಬಹುದು. ರಾಗಿ ಅಂದು ಧುಮುಕಿತ್ತು. ನಾನು ಚೀಟಿ ಖಾಲಿ ಕೊಟ್ಟಿದ್ದರೆ ಅದಕ್ಕೆ ಒಳ್ಳೆಯದನ್ನೇನೂ ಮಾಡಿದಂತೆ ಆಗುತ್ತಿರಲಿಲ್ಲ.

ಸಂಜೆ ಕಾಫಿ ಕುಡಿಯುವಾಗ ಹುಡುಗಿಗೆ ನಾನೇ ಹೇಳಿದೆ. "ಗೊತ್ತು ಅಂಕಲ್," ಅಂದಳು. "ಇಳಿಯುವಾಗ ನಾನು ಅವಸರಪಟ್ಟು ಮುಂದೆ ಓಡಿದೆ. ಅದೂ ನನ್ನ ಹಿಂದೆ ಹಾರ್ತು. ಚೀಟೀಲಿ ತಪ್ಪಿಲ್ಲ ಅಂತ ಬಂದಿದ್ರೆ ನಾನೇ ಹೋಗಿ ಕೇಳ್ತಿದ್ದೆ." ಅಷ್ಟು ಹೇಳಿ ರಾಗಿಯ ಕಾಲು ಒಂದೊಂದಾಗಿ ಎತ್ತಿ, ಬೆರಳ ಸಂದಿಗೆ ಸಿಕ್ಕ ಹುಲ್ಲಿನ ಮುಳ್ಳು ತೆಗೆಯುತ್ತ ಕೂತಳು.

ಭಾನುವಾರ ನಾನೇ ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿಕೊಂಡೆ: ಚೀಟಿ ಬರೆಯುತ್ತೇನೆ, ಆದರೆ ರಾಗಿಯ ಸರದಿಗೆ ಬೇರೆಯವರನ್ನು ಕೂರಿಸಿ. ತಕ್ಷಣ ಒಪ್ಪಿದರು. ಬಂಧುಗಳ ಖಾತೆಯನ್ನು ಬೇರೆ ಮೇಜಿಗೆ ಕಳಿಸುವುದು ಬ್ಯಾಂಕಿನಲ್ಲಿ ನಮಗೆ ಅಭ್ಯಾಸವೇ ಆಗಿತ್ತು. ಶನಿವಾರವೇ ಹೊಳೆಯಬೇಕಿತ್ತು.

ಭಾನುವಾರದ ದೊಡ್ಡ ತೊಂದರೆ ಬಿಸಿಲು. ನಮ್ಮೂರು ತಂಪಿನೂರೆಂದು ಮಾತು, ಚಳಿಗಾಲದಲ್ಲೂ ಹನ್ನೊಂದು ಗಂಟೆಯ ಬಯಲಿಗೆ ಆ ಮಾತು ಹೊಂದುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ತಣ್ಣಗಾಗಬೇಕು. ಗೇಟಿನಲ್ಲಿ ನಿಲ್ಲುವವರ ಕೆಲಸ ಆಗ ಬಹಳ ಮುಖ್ಯವಾಗುತ್ತದೆ. ಮೂರು ನಾಯಿಗಳನ್ನಷ್ಟೇ ಮುಂಚಿತವಾಗಿ ಕರೆಯಬೇಕು, ಉಳಿದವು ನೆರಳಿನಲ್ಲೇ ಇರಬೇಕು. ಕರೆದ ಮೂರೂ ಒಂದಕ್ಕೊಂದು ಮೂಗು ತಾಗುವಷ್ಟು ಹತ್ತಿರ ನಿಲ್ಲದಂತೆ ಜಾಗ ಮಾಡಿಕೊಡಬೇಕು. ಆ ದಿನ ಗೇಟಿನಲ್ಲಿದ್ದ ಗೃಹಿಣಿಯೊಬ್ಬರು ಅರ್ಧ ಗಂಟೆಗೊಮ್ಮೆ ನೆಲಕ್ಕೆ ಅಂಗೈಯ ಹಿಂಭಾಗ ಒತ್ತಿ ನೋಡುತ್ತಿದ್ದರು. ಒಂದು ಸಲ ಕೈ ಬೇಗನೆ ಎತ್ತಿಕೊಂಡರು. ಸಿಮೆಂಟಿನ ದಾರಿ ಸುಡುತ್ತಿತ್ತು. ತಾವೇ ಎರಡು ಬಕೆಟ್ ನೀರು ಸುರಿದು, ಒದ್ದೆ ಗೋಣಿಚೀಲ ಹಾಸಿದರು. ಯಾರೂ ಹೇಳಿರಲಿಲ್ಲ. ಹನ್ನೊಂದೂವರೆಗೆ ಮೇಡಂ ಸ್ಪರ್ಧೆ ನಿಲ್ಲಿಸಿ ಮೂರೂವರೆಗೆ ಮತ್ತೆ ಶುರುಮಾಡಿದರು. ಮನೆಗೆ ತಡವಾಗುತ್ತದೆ ಎಂದು ಕೆಲವರು ಗೊಣಗಿದರು. ನನಗೆ ಅದು ಎರಡು ದಿನದಲ್ಲಿ ಕಂಡ ಅತ್ಯಂತ ಸರಿಯಾದ ತೀರ್ಮಾನ.

ರಾಗಿಯ ಸರದಿ ಐದು ಗಂಟೆಗೆ ಬಂತು. ನಾನು ಚೀಟಿಯ ಹಲಗೆ ಪಕ್ಕದವರಿಗೆ ಕೊಟ್ಟು ಬೇಲಿಯಾಚೆ ಹೋಗಿ ನಿಂತೆ. ಡಾಗ್ ವಾಕ್ ಹತ್ತಿತು, ನಡುವಿನ ಹಲಗೆ ದಾಟಿತು. ಹುಡುಗಿ ಈ ಸಲ ಮುಂದೆ ಓಡದೆ ಹಲಗೆಯ ಪಕ್ಕದಲ್ಲೇ ಉಳಿದಳು. ಇಳಿಯುವ ತುದಿಯಲ್ಲಿ ರಾಗಿಯ ವೇಗ ಒಂದಿಷ್ಟು ತಗ್ಗಿತು. ಎರಡು ಮುಂಗಾಲು ಹಳದಿಯ ಮೇಲೆ ನಿಚ್ಚಳವಾಗಿ ಬಿದ್ದವು, ಮೊದಲು ಎಡ, ಆಮೇಲೆ ಬಲ.